ಬಲಮೂಲೆಯ ಸಹಿ

ಬೋರ್ಡಕ್ಕನಿಗೆ ಒಂದು ಚಟವಿತ್ತು. ಚಾಡಿಯದಲ್ಲ, ಚಹಾದ್ದೂ ಅಲ್ಲ. ಏನೇ ಬರೆದರೂ ಕೆಳಗಿನ ಬಲಮೂಲೆಯಲ್ಲಿ ಚಿಕ್ಕದಾಗಿ ‘ಅಕ್ಕ ಆರ್ಟ್ಸ್’ ಎಂದು ಬರೆದು ಪಕ್ಕದಲ್ಲಿ ಅಂಗಡಿಯ ಫೋನ್ ನಂಬರು ಹಾಕದಿದ್ದರೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಒಮ್ಮೆ ಬಸ್ ಡ್ರೈವರ್ ಆಗಿದ್ದ ಗಂಡನ ಕೈಗೆ ತರಕಾರಿ ಚೀಟಿ ಬರೆದುಕೊಟ್ಟಾಗಲೂ ಮೂಲೆಯಲ್ಲಿ ನಂಬರು ಹಾಕಿದ್ದಳು. ತರಕಾರಿಯವನು ಚೀಟಿಯ ಅಂದ ನೋಡಿ ತನ್ನ ಗಾಡಿಗೂ ಒಂದು ಬೋರ್ಡು ಬರೆಸಿಕೊಂಡ. ಅಂಥ ಚಟವನ್ನು ಯಾರು ತಾನೇ ಬಿಡಲು ಹೇಳುತ್ತಾರೆ?

ಬೋರ್ಡು ಬರೆಯುವುದು ಅವಳಿಗೆ ಅಪ್ಪನಿಂದ ಬಂದ ಕಸುಬು. ಊರಿನ ಅರ್ಧ ಅಂಗಡಿಗಳ ಹೆಸರು ಅವಳ ಕೈಯಿಂದಲೇ ಇಳಿದದ್ದು. “ಅಕ್ಷರ ರಸ್ತೆಯ ಆಚೆ ಬದಿಯವನನ್ನು ಕೂಗಿ ಕರೀಬೇಕು, ಸಹಿ ಹತ್ರ ಬಂದವನಿಗೆ ಮಾತ್ರ ಕಾಣಿಸ್ಬೇಕು” ಎಂದು ಅಪ್ಪ ಹೇಳುತ್ತಿದ್ದರು. ಬೋರ್ಡಕ್ಕ ಅಪ್ಪನ ಉಳಿದ ಬುದ್ಧಿಮಾತುಗಳನ್ನು ಎಷ್ಟು ಪಾಲಿಸಿದಳೋ ದೇವರಿಗೇ ಗೊತ್ತು. ಇದನ್ನಂತೂ ಚಾಚೂ ತಪ್ಪದೆ ಪಾಲಿಸಿದಳು.

ಅವಳ ನಾದಿನಿ ಲೈಬ್ರರಿಯಲ್ಲಿ ಗುಮಾಸ್ತೆ. ಪ್ರತಿ ಗುರುವಾರ ಸಂಜೆ ನಾಲ್ಕಕ್ಕೆ ಲೈಬ್ರರಿಯ ಮಹಡಿಯಲ್ಲಿ, ಹಳೆ ಪತ್ರಿಕೆಗಳ ಕಟ್ಟುಗಳ ನಡುವೆ, ನಾಲ್ಕೈದು ಜನ ಕೂತು ಪತ್ರ ಬರೆಯುತ್ತಿದ್ದರು. ನೆಂಟರಿಷ್ಟರಿಗಲ್ಲ. ತಪ್ಪು ಮಾಡದೆ ಜೈಲು ಸೇರಿದವರಿಗೆ, ಮತ್ತು ಅವರನ್ನು ಹಿಡಿದಿಟ್ಟುಕೊಂಡ ಅಧಿಕಾರಿಗಳಿಗೆ. ಒಳಗಿದ್ದವರಿಗೆ ‘ನಿಮ್ಮನ್ನು ಮರೆತಿಲ್ಲ’ ಎಂದು, ಅಧಿಕಾರಿಗಳಿಗೆ ‘ನಿಮ್ಮನ್ನೂ ಮರೆತಿಲ್ಲ’ ಎಂದು. ಈ ಪತ್ರಕೂಟವನ್ನು ಕಟ್ಟಿದವರು ನಿವೃತ್ತ ಹೆಡ್‌ಮಾಸ್ಟರು. ಊರಿಗೆಲ್ಲ ಅವರು ಬರೀ ಮೇಷ್ಟ್ರು. ಅವರು ಒಂದು ಪತ್ರವೆಂದರೆ ಎಂಟು ಪುಟಕ್ಕೆ ಕಡಿಮೆ ಬರೆದವರಲ್ಲ. ಅಕ್ಷರವೋ, ಸಕ್ಕರೆ ಡಬ್ಬಿಯ ಕಡೆ ಹೊರಟ ಇರುವೆ ಸಾಲು. ಅವರ ಎಡಕ್ಕೆ ಹಲ್ಲಿನ ಡಾಕ್ಟರಮ್ಮ ಕೂರುತ್ತಿದ್ದರು. ಅವರು ಬರೆದದ್ದನ್ನು ಔಷಧಿ ಅಂಗಡಿಯವನ ಹೊರತು ಬೇರೆ ನರಮನುಷ್ಯರು ಓದಿದ ದಾಖಲೆ ಇಲ್ಲ.

ಬೋರ್ಡಕ್ಕ ಅಲ್ಲಿಗೆ ಹೋದದ್ದು ಬಾಗಿಲ ಮೇಲೆ ‘ಪತ್ರಕೂಟ’ ಎಂದು ಬರೆಯುವುದಕ್ಕೆ. ಬರೆದು ಮುಗಿಸಿ, ಬಣ್ಣ ಒಣಗಲಿ ಎಂದು ಒಂದು ಕುರ್ಚಿಯಲ್ಲಿ ಕೂತಳು. ನಾದಿನಿ ಆಗ ಬಂದರಿನ ಊರಿನ ನರ್ಸಿನ ಕಥೆ ಓದುತ್ತಿದ್ದಳು.

ಆ ಊರು ಎರಡು ದಿನದ ರೈಲು ದೂರ. ಅಲ್ಲಿನ ಕಾರ್ಖಾನೆಯಲ್ಲಿ ವಿಷಗಾಳಿ ಸೋರಿ ನಲವತ್ತೊಂದು ಜನ ಸತ್ತಿದ್ದರು. ಆಸ್ಪತ್ರೆಯ ರಿಜಿಸ್ಟರಿನಲ್ಲಿ ನರ್ಸು ನಲವತ್ತೊಂದು ಹೆಸರನ್ನೂ ಬರೆದಳು. ಮೇಲಿನವರು ಒಂಬತ್ತಕ್ಕೆ ಇಳಿಸಲು ಹೇಳಿದರು. ಅವಳು ಇಳಿಸಲಿಲ್ಲ. ಸುಳ್ಳು ಸುದ್ದಿ ಹಬ್ಬಿಸಿದಳೆಂದು ಹಿಡಿದು ಒಳಗೆ ಹಾಕಿದರು. ‘ನಾನು ಬರೆದದ್ದು ಸುಳ್ಳು’ ಎಂಬ ಕಾಗದಕ್ಕೆ ಒಂದು ಸಹಿ ಹಾಕಿದರೆ ಅವತ್ತೇ ಮನೆಗೆ ಕಳಿಸುತ್ತೇವೆ ಎಂದರು. ಮೂರು ತಿಂಗಳಾದರೂ ಅವಳು ಪೆನ್ನು ಮುಟ್ಟಿರಲಿಲ್ಲ.

ಬರೆದದ್ದನ್ನು ಅಳಿಸು ಎಂದು ಹೇಳಿಸಿಕೊಳ್ಳುವುದು ಎಂಥ ಸಂಕಟ ಎಂದು ಬೋರ್ಡಕ್ಕನಿಗೆ ಗೊತ್ತಿತ್ತು. ಅವಳಿಗಾದರೋ ಗಿರಾಕಿ ಬಣ್ಣ ಇಷ್ಟವಾಗಲಿಲ್ಲ ಅಂದದ್ದಷ್ಟೇ. ಇಲ್ಲಿ ಅಳಿಸಬೇಕಾಗಿದ್ದದ್ದು ಮೂವತ್ತೆರಡು ಜನರನ್ನು.

“ನಾನೂ ಒಂದು ಬರೀಲಾ?” ಎಂದಳು.

“ಬರೀರಿ ಅತ್ತಿಗೆ, ಕೇಳೋದೇನಿದೆ!” ಎಂದು ನಾದಿನಿ ಕಾಗದ ಕೊಟ್ಟಳು.

ಕಾಗದ ಮುಂದಿಟ್ಟುಕೊಂಡರೆ ಬೋರ್ಡಕ್ಕನಿಗೆ ಮಾತೇ ಹೊರಡಲಿಲ್ಲ. ಮೇಷ್ಟ್ರ ಪೆನ್ನು ಮೂರನೇ ಪುಟದಲ್ಲಿ ಓಡುತ್ತಿತ್ತು. ಇವಳು ಪೆನ್ನು ಬದಿಗಿಟ್ಟು, ಚೀಲದಿಂದ ಚಪ್ಪಟೆ ಬ್ರಶ್ಶನ್ನೂ ಕಪ್ಪು ಬಣ್ಣವನ್ನೂ ತೆಗೆದಳು. ಬರೆದದ್ದು ಐದು ಪದ, ಹಿಡಿಸಿದ್ದು ಐದು ಕಾಗದ. ‘ನೀವು’, ‘ಸುಳ್ಳು’, ‘ಬರೆದಿಲ್ಲ.’, ‘ನಮಗೆ’, ‘ಗೊತ್ತು.’ ಕೊನೆಯ ಕಾಗದದ ಬಲಮೂಲೆಯಲ್ಲಿ ಕೈ ತಾನಾಗಿಯೇ ತನ್ನ ಕೆಲಸ ಮಾಡಿತು. ಪತ್ರದಲ್ಲಿ ಸ್ವಂತ ವಿಳಾಸ, ಫೋನ್ ನಂಬರು ಕೊಡಬಾರದೆಂಬುದು ಕೂಟದ ಮೊದಲ ನಿಯಮ. ಅದು ಗೋಡೆಯ ಮೇಲೆ ನೇತಾಡುತ್ತಿತ್ತು. ಆದರೆ ಆ ಫಲಕವನ್ನು ಬರೆದವನು ಬೇರೆ ಊರಿನವನು, ಅಕ್ಷರ ಕೆಟ್ಟದಾಗಿತ್ತು, ಆದ್ದರಿಂದ ಬೋರ್ಡಕ್ಕ ಅದನ್ನು ಓದಿರಲಿಲ್ಲ.

“ಇದು ಪತ್ರಾನೋ, ಸೋಪಿನ ಜಾಹೀರಾತೋ?” ಎಂದು ಮೇಷ್ಟ್ರು ನಕ್ಕರು. ಎಲ್ಲರೂ ನಕ್ಕರು. ಬೋರ್ಡಕ್ಕನೂ ನಕ್ಕಳು, ಸ್ವಲ್ಪ ಹುಳ್ಳಗೆ.

ಆದರೂ ಬಿಡಲಿಲ್ಲ. ನಾಲ್ಕು ತಿಂಗಳ ಕಾಲ ಗುರುವಾರಕ್ಕೊಂದರಂತೆ ಬರೆದಳು. ‘ಇವತ್ತು ಬೇಕರಿಗೆ ಹಳದಿ ಬಳಿದೆ.’ ‘ಏಣಿ ಜಾರಿತು, ನಾನು ಬೀಳಲಿಲ್ಲ.’ ‘ನೀವೂ ಬೀಳಬೇಡಿ.’ ಅತ್ತೆ, ಅಂದರೆ ನಾದಿನಿಯ ತಾಯಿ, ಮನೆಗೆ ಅಂಟಿದ ಅಂಗಡಿಯ ಮೆಟ್ಟಿಲ ಮೇಲೆ ಬಟಾಣಿ ಸುಲಿಯುತ್ತ, “ಒಂದು ಪದಕ್ಕೆ ಒಂದು ಕಾಗದ! ನಿನ್ನ ಹಾಗೆ ಮಾತಾಡಿದ್ರೆ ನಾನು ಇಷ್ಟು ಹೊತ್ತಿಗೆ ಮೂಕಿ ಆಗಿರ್ತಿದ್ದೆ ಕಣೇ” ಎನ್ನುತ್ತಿದ್ದರು. ಹಾಗಾಗುವ ಯಾವ ಲಕ್ಷಣವೂ ಅತ್ತೆಯಲ್ಲಿ ಇರಲಿಲ್ಲ.

ಜೈಲಿನಿಂದ ಮಾತ್ರ ಒಂದು ಸಾಲು ಉತ್ತರವಿಲ್ಲ. ಕೂಟದಿಂದ ಹೋದ ಪತ್ರಗಳು ಎಪ್ಪತ್ತು ದಾಟಿದವು. ಬೇರೆ ಊರುಗಳ ಕೂಟಗಳಿಂದ ಇನ್ನೆಷ್ಟೋ. ಎಲ್ಲವೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಹದಿನೆಂಟನೆಯ ಗುರುವಾರ ನರ್ಸಿನ ಅಣ್ಣನ ಕಾಗದ ಬಂತು. ನಾದಿನಿ ಓದಿದಳು. ‘ಇದೇ ಇಪ್ಪತ್ನಾಲ್ಕಕ್ಕೆ ನ್ಯಾಯಾಲಯದಲ್ಲಿ ವಿಚಾರಣೆ. ಹಿಂದಿನ ದಿನ ಅವಳ ಮುಂದೆ ಮತ್ತೆ ಆ ಕಾಗದ ಇಡುತ್ತಾರೆ. ಹೊರಗೆ ನಿನ್ನನ್ನು ನೆನೆಸುವ ನರಪಿಳ್ಳೆಯೂ ಇಲ್ಲ ಎಂದು ಹೇಳಿ ಹೇಳಿ ನಂಬಿಸಿದ್ದಾರೆ. ಒಂದು ಪತ್ರವೂ ಅವಳ ಕೈ ಸೇರಿಲ್ಲ. ಸರಿಯಾಗಿ ಊಟ ಮಾಡುತ್ತಿಲ್ಲ. ಈ ಸಲ ಸಹಿ ಹಾಕಿಬಿಡುತ್ತಾಳೇನೋ. ಹಾಕಿದರೆ ಸತ್ತವರು ಇನ್ನೊಂದು ಸಲ ಸತ್ತ ಹಾಗೆ. ಅವಳೂ ಬದುಕಿರುವಷ್ಟು ದಿನ ತಲೆ ಎತ್ತುವುದಿಲ್ಲ.’

ಬೋರ್ಡಕ್ಕ ಏನು ಮಾಡಲೂ ತೋಚದೆ ಬ್ರಶ್ಶು ಬಣ್ಣಕ್ಕದ್ದಿದಳು. ಅಷ್ಟೇ, ಮೇಷ್ಟ್ರ ದುಃಖವೆಲ್ಲ ಅವಳ ಮೇಲೆ ಕವುಚಿತು.

“ಸಾಕು ಮಾಡಮ್ಮ ಈ ಹುಡುಗಾಟಾನ! ಅಲ್ಲಿ ಒಂದು ಜೀವ ಒದ್ದಾಡ್ತಿದೆ, ನೀನು ಇಲ್ಲಿ ಬೋರ್ಡು ಬರೀತಾ ಕೂತಿದೀಯ. ನಿನ್ನ ಕಾಗದ ನೋಡಿ ಜೈಲಿನೋರು ನಕ್ಕೊಂಡು, ನಮ್ಮೆಲ್ಲರದ್ದನ್ನೂ ಅದರ ಜೊತೆಗೇ ಕಸದ ಬುಟ್ಟಿಗೆ ಹಾಕಿರ್ತಾರೆ.”

“ಮೇಷ್ಟ್ರೇ!” ಎಂದಳು ನಾದಿನಿ.

ಬೋರ್ಡಕ್ಕ ಬ್ರಶ್ಶು ಒರೆಸಿ ಚೀಲಕ್ಕೆ ಹಾಕಿದಳು, ಮೆಟ್ಟಿಲಿಳಿದು ಹೋದಳು. ಮನೆಗೆ ಬಂದು ಅಡುಗೆಮನೆಯ ಗೋಡೆಗೆ ಮುಖ ಮಾಡಿಕೊಂಡು ಅತ್ತಳು. ಮೇಷ್ಟ್ರು ಬೈದದ್ದಕ್ಕಲ್ಲ. ಅವರು ಹೇಳಿದ್ದು ನಿಜವಾಗಿದ್ದರೆ? ಉಪಕಾರ ಮಾಡಲು ಹೋಗಿ ತಾನೇ ಎಲ್ಲರ ಪತ್ರಗಳಿಗೂ ಕಲ್ಲು ಹಾಕಿದ್ದರೆ? ಇನ್ನು ಮುಂದೆ ಅಂಗಡಿ ಬೋರ್ಡು ಬಿಟ್ಟರೆ ಬೇರೇನನ್ನೂ ಬರೆಯುವುದಿಲ್ಲ ಎಂದು ಆಣೆ ಹಾಕಿಕೊಂಡಳು.

ಆಣೆಗೆ ಎರಡು ದಿನ ತುಂಬಿತ್ತು. ಶನಿವಾರ ಮಧ್ಯಾಹ್ನ, ಅವಳು ತನ್ನ ಅಂಗಡಿಯಲ್ಲಿ ಕೂತು ಕ್ಷೌರದಂಗಡಿಯ ಬೋರ್ಡಿಗೆ ಕೆಂಪು ಗೆರೆ ಎಳೆಯುತ್ತಿದ್ದಾಗ ಫೋನ್ ಬಡಿದುಕೊಂಡಿತು.

“ಹಲೋ, ಅಕ್ಕ ಆರ್ಟ್ಸಾ?” ಒರಟು ದನಿ.

“ಹೌದು, ಹೇಳಿ. ಬೋರ್ಡಾ, ಗೋಡೆ ಬರಹಾನಾ?”

“ಎರಡೂ ಅಲ್ಲ. ಜೈಲಿಂದ ಮಾತಾಡ್ತಿದೀನಿ.”

ಕೆಂಪು ಗೆರೆ ಕ್ಷೌರದಂಗಡಿಯ ಬೋರ್ಡಿನಿಂದ ಹೊರಟು ಗೋಡೆಯವರೆಗೂ ಹೋಯಿತು.

“ಏ... ಏನು ಸ್ವಾಮಿ?”

“ಬಂದರಿನ ಊರಿನ ಜೈಲು. ಕೈದಿಗಳಿಗೆ ಬರೋ ಪತ್ರ ಓದಿ ಬಿಡೋ ಗುಮಾಸ್ತ ನಾನು. ಈ ಸೋಮವಾರ ಬೇರೆ ಕಡೆಯಿಂದ ಇಲ್ಲಿಗೆ ಹಾಕಿದಾರೆ. ನನಗಿಂತ ಮುಂಚೆ ಇದ್ದ ಪುಣ್ಯಾತ್ಮ ಏನೂ ಓದಿಲ್ಲ, ಏನೂ ಬಿಟ್ಟಿಲ್ಲ. ಎರಡು ಮೂಟೆ ಕಟ್ಟಿಟ್ಟು ಹೋಗಿದಾನೆ. ಎಲ್ಲಾ ಆ ನರ್ಸಿಗೇ.”

“ಎರಡು ಮೂಟೆನಾ?”

“ಪೂರ್ತಿ ಕೇಳಮ್ಮ. ನಿಯಮ ಏನು ಅಂದ್ರೆ, ಓದಿ ಬಿಡಬೇಕು. ಓದದೆ ಬಿಟ್ರೆ ನನ್ನ ಕೆಲಸ ಹೋಗುತ್ತೆ, ಓದದೆ ಇಟ್ಕೊಂಡ್ರೆ ನನ್ನ ನಿದ್ದೆ ಹೋಗುತ್ತೆ. ಆದ್ರೆ ಓದೋದು ಹೇಗೆ? ನನ್ನ ಕನ್ನಡಕ ಒಡೆದು ಹನ್ನೊಂದು ತಿಂಗಳಾಯ್ತು. ಹೊಸದಕ್ಕೆ ಇಲಾಖೆಗೆ ಅರ್ಜಿ ಹಾಕಿದೀನಿ, ಇನ್ನೂ ಮಂಜೂರಾಗಿಲ್ಲ. ಸ್ವಂತಕ್ಕೆ ಮಾಡಿಸ್ಕೊಂಡ್ರೆ ಅರ್ಜಿ ಬಿದ್ದುಹೋಗುತ್ತಂತೆ. ಮೂಟೆ ಬಿಚ್ಚಿ ನೋಡಿದ್ರೆ ಎಲ್ಲಾ ಇರುವೆ ಕಾಲು. ಅದರಲ್ಲೊಬ್ಬರು ಎಂಟೆಂಟು ಪುಟ ಬರೆದಿದಾರೆ, ನೋಡಿದ್ರೇ ತಲೆ ತಿರುಗುತ್ತೆ.”

ಆ ಒಬ್ಬರು ಯಾರೆಂದು ಬೋರ್ಡಕ್ಕನಿಗೆ ಗೊತ್ತಿತ್ತು. ಪಾಪ, ಮೇಷ್ಟ್ರು.

“ನಿಮ್ಮದು ಮಾತ್ರ ಮೇಜಿನ ಆಚೆಯಿಂದಲೇ ಓದೋಕಾಗುತ್ತೆ ನೋಡಿ! ಇವತ್ತು ಬೆಳಗ್ಗೆ ಹದಿನೇಳನ್ನೂ ಮೊಹರು ಒತ್ತಿ ಒಳಗೆ ಕಳಿಸ್ದೆ. ಏಣಿ ಜಾರಿದ್ದು ಓದಿ ನಕ್ಕೆ. ಏಟೇನೂ ಆಗ್ಲಿಲ್ವಲ್ಲ?”

“ಇಲ್ಲ... ಇಲ್ಲ ಸ್ವಾಮಿ.”

“ಸರಿ. ಆದ್ರೆ ಒಬ್ಬಳೇ ಬರೆದ್ರೆ ಏನಾಗುತ್ತೆ? ಯಾವಳೋ ಒಬ್ಬ ಹುಚ್ಚಿ ಬರೀತಾಳೆ ಅಂತಾರೆ ನಮ್ಮೋರು. ಬಾಕಿ ಜನಕ್ಕೂ ದಪ್ಪಗೆ ಬರೆಯೋಕೆ ಹೇಳಿ. ಇಪ್ಪತ್ಮೂರರ ಒಳಗೆ ಬಂದ್ರೆ ಒಳಗೆ ಹೋಗುತ್ತೆ. ಯಾಕೆ ಇಪ್ಪತ್ಮೂರು ಅಂತ ನಾನು ಹೇಳಿಲ್ಲ. ನಿಮ್ಮ ನಂಬರು ಮೂಲೇಲಿತ್ತು, ಅದಕ್ಕೆ ಫೋನ್ ಮಾಡ್ದೆ. ಮಾಡಿದೀನಿ ಅಂತಾನೂ ನಾನು ಹೇಳಿಲ್ಲ.”

ಫೋನ್ ಇಟ್ಟ. ಬೋರ್ಡಕ್ಕ ಫೋನ್ ಕೈಯಲ್ಲೇ ಹಿಡಿದು ನಿಂತಿದ್ದನ್ನು ಕಂಡು ಅತ್ತೆ ಬಟಾಣಿ ಬುಟ್ಟಿ ಕೆಳಗಿಟ್ಟು, “ಯಾರೇ? ಯಾರಾದ್ರೂ ಹೋದ್ರಾ?” ಎಂದರು.

“ಇಲ್ಲ ಅತ್ತೆ,” ಎಂದಳು ಬೋರ್ಡಕ್ಕ. “ಹದಿನೇಳೂ ಒಳಗೆ ಹೋದ್ವಂತೆ.” ಆಮೇಲೆ ಅಂಗಡಿಯ ಬಾಗಿಲೂ ಹಾಕದೆ ಲೈಬ್ರರಿಯ ಕಡೆಗೆ ಓಡಿದಳು.

ನಾದಿನಿ ಮೊದಲು ಹಾರಿ ಕುಣಿದಳು, ಆಮೇಲೆ ಬೈದಳು. “ಅತ್ತಿಗೇ, ಫೋನ್ ನಂಬರು ಹಾಕಿದೀರಾ? ಹದಿನೇಳು ಪತ್ರದಲ್ಲೂ? ಗೋಡೆ ಮೇಲೆ ಅಷ್ಟು ದೊಡ್ಡದಾಗಿ ನಿಯಮ ಬರೆದಿದೆ!”

“ಅಷ್ಟು ಕೆಟ್ಟದಾಗಿ ಬರೆದಿದ್ರೆ ಯಾರು ಓದ್ತಾರೆ?” ಎಂದಳು ಬೋರ್ಡಕ್ಕ.

ಮೇಷ್ಟ್ರಿಗೆ ಹೇಳುವುದೇ ಕಷ್ಟವಾಯಿತು. ಅವರು ಕೇಳಿ ತುಂಬಾ ಹೊತ್ತು ಕನ್ನಡಕ ಒರೆಸಿದರು. “ನನ್ನ ಅಕ್ಷರ ಓದೋಕಾಗಲ್ಲ ಅಂದನಾ? ಮೂವತ್ತೈದು ವರ್ಷ ಈ ಊರಿಗೆ ಅ ಆ ಇ ಈ ಕಲಿಸಿದೋನು ನಾನು” ಎಂದರು. ಆಮೇಲೆ ದನಿ ತಗ್ಗಿಸಿ, “ಬೋರ್ಡಕ್ಕ, ಗುರುವಾರ ನನ್ನ ನಾಲಿಗೆಗೆ ಮೂಳೆ ಇರಲಿಲ್ಲಮ್ಮ. ತಪ್ಪಾಯ್ತು. ನಾಳೆ ಬೆಳಗ್ಗೆ ಎಷ್ಟು ಹೊತ್ತಿಗೆ ಬರಲಿ ಪಾಠಕ್ಕೆ?” ಎಂದರು.

ಭಾನುವಾರ ಬೆಳಗ್ಗೆ ಅಂಗಡಿ ಒಂದನೇ ಕ್ಲಾಸಿನ ಹಾಗಾಯಿತು. ಮೇಷ್ಟ್ರು, ಡಾಕ್ಟರಮ್ಮ, ನಾದಿನಿ ಮೂವರೂ ಹಳೆ ಶರ್ಟುಗಳನ್ನು ಮೇಲೆ ಹಾಕಿಕೊಂಡು ನೆಲದ ಮೇಲೆ ಸಾಲಾಗಿ ಕೂತರು. ಬೋರ್ಡಕ್ಕ ಒಂದೊಂದು ಕಾಗದಕ್ಕೂ ಸೀಮೆಸುಣ್ಣದ ದಾರ ಎಳೆದು ಗೆರೆ ಹೊಡೆದುಕೊಟ್ಟಳು.

“ಮೊದಲು ಅಕ್ಷರದ ಹೊಟ್ಟೆ ಬರೀರಿ, ತಲೆಕಟ್ಟು ಕೊನೇಲಿ. ಬ್ರಶ್ಶನ್ನ ಒತ್ತಬೇಡಿ, ಎಳೀರಿ. ಡಾಕ್ಟರಮ್ಮ, ಅದು ಹಲ್ಲಲ್ಲ, ಕೀಳಬೇಡಿ.”

ಮೇಷ್ಟ್ರ ‘ನ’ ಮೊದಲ ಸಲ ಬರೆದಾಗ ಕಾಗದದ ಮೂಲೆಯಲ್ಲಿ ಮುದುಡಿ ಕೂತಿತ್ತು. ಎರಡನೆಯ ಸಲ ಬರೆದದ್ದು ಬದನೆಕಾಯಿಯ ಹಾಗಿತ್ತು. ಬೋರ್ಡಕ್ಕ ಅವರ ಕೈ ಹಿಡಿದು ತಿದ್ದಿಸಿದಳು. ಬೋರ್ಡಕ್ಕನ ಇದೇ ಕೈಯನ್ನು ಮೇಷ್ಟ್ರು ಅವಳ ಆರನೇ ವಯಸ್ಸಿನಲ್ಲಿ ಹಿಡಿದು ತಿದ್ದಿಸಿದ್ದರು. ಅದು ಇಬ್ಬರಿಗೂ ನೆನಪಾಯಿತು.

ಅಕ್ಷರಕ್ಕಿಂತ ದೊಡ್ಡ ಪೇಚು ಮಾತಿನದಾಗಿತ್ತು. “ನಾಲ್ಕೇ ಕಾಗದದಲ್ಲಿ ಹೇಳಬೇಕಾ? ನನ್ನ ಪೀಠಿಕೆಗೇ ನಾಲ್ಕು ಪುಟ ಬೇಕಮ್ಮ” ಎಂದು ಮೇಷ್ಟ್ರು ಗೋಳಾಡಿದರು.

“ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅಂತ ನಮಗೆ ಹೇಳಿಕೊಟ್ಟೋರು ಯಾರು ಸಾರ್?” ಎಂದಳು ಬೋರ್ಡಕ್ಕ.

ಮೇಷ್ಟ್ರು ಯೋಚಿಸತೊಡಗಿದರು. ಸಂವಿಧಾನ ಹೋಯಿತು, ಸತ್ಯದ ಬಗೆಗಿನ ಶ್ಲೋಕ ಹೋಯಿತು, ಎರಡು ಗಾದೆ, ಒಂದು ಚರಿತ್ರೆಯ ಪ್ರಸಂಗ ಹೋದವು. ಹನ್ನೆರಡು ಗಂಟೆಯ ಹೊತ್ತಿಗೆ ಅವರ ಮುಂದೆ ಉಳಿದದ್ದು ಎರಡೇ ಕಾಗದ. ‘ಮಗೂ,’ ಮತ್ತು ‘ನಾವಿದ್ದೇವೆ.’ ಮೇಷ್ಟ್ರು ಎಂಟು ಪುಟಗಳಲ್ಲಿ ಎಂದೂ ಅಷ್ಟು ಹೇಳಿರಲಿಲ್ಲ.

ಡಾಕ್ಟರಮ್ಮ ‘ಹಲ್ಲು ಕಚ್ಚಿ ತಡೆದುಕೊಳ್ಳಿ’ ಎಂದು ಬರೆದರು. ಹಲ್ಲು ಕಚ್ಚಬೇಡಿ ಎಂದು ದಿನಕ್ಕೆ ಇಪ್ಪತ್ತು ಜನಕ್ಕೆ ಬೈಯುವ ಹೆಂಗಸು! ಅದಕ್ಕೆ ಎಲ್ಲರೂ ನಕ್ಕು ನಕ್ಕು ಸುಸ್ತಾದರು. ನಾದಿನಿ ‘ನಲವತ್ತೊಂದು ಹೆಸರೂ ನಮಗೆ ಬಾಯಿಪಾಠ’ ಎಂದು ಬರೆದಳು. ಬರೆದ ಮೇಲೆ, ಸುಳ್ಳಾಗಬಾರದೆಂದು ಕೂತು ನಿಜವಾಗಿಯೂ ಬಾಯಿಪಾಠ ಮಾಡಿದಳು.

ಅಷ್ಟರಲ್ಲಿ ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಬಂದರು. “ನನಗೂ ಒಂದು ಕಾಗದ ಕೊಡ್ರೇ.”

“ನೀನಾ ಅಮ್ಮ? ನೀನು ಪೆನ್ನು ಹಿಡಿದು ಇಪ್ಪತ್ತು ವರ್ಷ ಆಯ್ತು!” ಎಂದಳು ನಾದಿನಿ.

“ಇಲ್ಲಿ ಪೆನ್ನು ಎಲ್ಲಿದೆ? ಸೌಟು ಹಿಡಿದ ಹಾಗೆ ಹಿಡ್ಕೋಬೇಕು, ಅಷ್ಟೇ ತಾನೇ?” ಎಂದು ಅತ್ತೆ ಬ್ರಶ್ಶು ಹಿಡಿದರು. ನಿಜ ಹೇಳಬೇಕೆಂದರೆ ನಾಲ್ವರಲ್ಲಿ ಅವರ ಕೈಯೇ ಚೆನ್ನಾಗಿ ಓಡಿತು. ಎರಡು ಕಾಗದದಲ್ಲಿ ‘ಊಟ’ ‘ಮಾಡು.’ ಎಂದು ಬರೆದು, ಕೆಳಗೆ ‘ಒಬ್ಬಳು ಮುದುಕಿ’ ಎಂದು ಸೇರಿಸಿದರು. “ಮಿಕ್ಕಿದ್ದೆಲ್ಲ ಆಮೇಲೆ. ಹಸಿದ ಹೊಟ್ಟೇಲಿ ಇರೋರ ಕೈಲಿ ಏನು ಬೇಕಾದ್ರೂ ಸಹಿ ಹಾಕಿಸ್ಬಹುದು” ಎಂದರು. ಕೂಟದವರು ವರ್ಷಗಟ್ಟಲೆ ಓದಿದ ಪುಸ್ತಕಗಳಲ್ಲೂ ಈ ಮಾತು ಇಷ್ಟು ನೇರವಾಗಿ ಇರಲಿಲ್ಲ.

ಕೊನೆಯಲ್ಲಿ ಮೇಷ್ಟ್ರು ಕೆರಳಿದರು. “ಆ ಗುಮಾಸ್ತನ ಕನ್ನಡಕದ ಬಗ್ಗೆ ಯಾರೂ ಬರೀಲ್ವಾ? ಹನ್ನೊಂದು ತಿಂಗಳು!”

“ಜೈಲಿನೋರಿಗೂ ನಾವೇ ಬರೀಬೇಕಾ?” ಎಂದರು ಡಾಕ್ಟರಮ್ಮ.

“ಕಣ್ಣು ಕಣ್ಣೇ ಅಲ್ವೇನಮ್ಮಾ?” ಎಂದು ಮೇಷ್ಟ್ರು ಸಣ್ಣ ಪೆನ್ನು ತೆಗೆದರು. ಬೆಳಗ್ಗಿನಿಂದ ಕಟ್ಟಿಹಾಕಿದ್ದ ಪೀಠಿಕೆ, ಸಂವಿಧಾನ, ಶ್ಲೋಕ, ಚರಿತ್ರೆ ಎಲ್ಲವೂ ಹೊರಬಂತು. ಇಲಾಖೆಯ ಮುಖ್ಯಸ್ಥರಿಗೆ ಒಂಬತ್ತು ಪುಟದ ಮನವಿ. ಫೋನ್ ಮಾಡಿದ ವಿಷಯ ಮಾತ್ರ ಅದರಲ್ಲಿ ಎಲ್ಲೂ ಬರದಂತೆ ಜಾಣತನದಿಂದ ಬರೆದರು. ‘ಪತ್ರ ಓದುವ ನೌಕರರೆಲ್ಲರ ಕಣ್ಣಿನ ತಪಾಸಣೆ’ ಎಂದು ಒಟ್ಟಾರೆಯಾಗಿ ಕೇಳಿದರು. ಇನ್ನೂ ಹನ್ನೆರಡು ಊರಿನ ಕೂಟಗಳಿಗೆ ನಾದಿನಿ ಅದೇ ದಿನ ಸುದ್ದಿ ಮುಟ್ಟಿಸಿದಳು. ದಪ್ಪಗೆ ಬರೆಯಿರಿ, ಒಂದು ಕಾಗದಕ್ಕೆ ಒಂದು ಪದ, ಇಪ್ಪತ್ಮೂರರ ಒಳಗೆ ತಲುಪಬೇಕು.

ಸೋಮವಾರ ಅಂಚೆ ಕಚೇರಿ ಬಾಗಿಲು ತೆರೆಯುವ ಮುಂಚೆಯೇ ಬೋರ್ಡಕ್ಕ ಅಲ್ಲಿ ನಿಂತಿದ್ದಳು. ಲಕೋಟೆಯೊಳಗೆ ತಾನು ಬರೆದ ಹೊಸ ಪತ್ರವನ್ನೂ ಇಟ್ಟಿದ್ದಳು. ನಾದಿನಿ ಮೂಲೆಯ ಸಹಿಯ ಕಡೆ ನೋಡಿ ಹುಬ್ಬು ಗಂಟಿಕ್ಕಿದಳು, ಆಮೇಲೆ ತಾನೇ ಲಕೋಟೆ ಅಂಟಿಸಿದಳು.

ಆಮೇಲೆ ಕಾಯುವುದು. ಬೋರ್ಡು ಬರೆಯುವವರಿಗೆ ಕಾಯುವುದು ಹೊಸದಲ್ಲ. ಬಣ್ಣ ಒಣಗಬೇಕಲ್ಲ. ಆದರೆ ಆ ಹತ್ತು ದಿನಗಳು ಒಣಗಲೇ ಇಲ್ಲ. ಇಪ್ಪತ್ಮೂರನೇ ತಾರೀಖು ಬೋರ್ಡಕ್ಕ ‘ಟೈಲರ್’ ಎಂದು ಬರೆಯಬೇಕಾದ ಕಡೆ ‘ನರ್ಸ್’ ಎಂದು ಬರೆದು, ದರ್ಜಿಯ ಕೈಯಲ್ಲಿ ಬೈಸಿಕೊಂಡು ಅಳಿಸಿದಳು. ಇಪ್ಪತ್ನಾಲ್ಕು ಹೋಯಿತು. ಇಪ್ಪತ್ತೈದು ಹೋಯಿತು. ಪತ್ರಿಕೆಯಲ್ಲಿ ಒಂದಕ್ಷರವಿಲ್ಲ. ಫೋನ್ ಬಡಿದುಕೊಂಡಾಗಲೆಲ್ಲ ಅತ್ತೆ ಮತ್ತು ಸೊಸೆ ಇಬ್ಬರೂ ಒಟ್ಟಿಗೆ ಏಳುತ್ತಿದ್ದರು. ಗಿರಾಕಿಗಳಿಗೆ ತಮ್ಮ ಮೇಲೆ ಇಷ್ಟು ಪ್ರೀತಿ ಯಾಕೆ ಬಂತೆಂದು ಅರ್ಥವಾಗಲಿಲ್ಲ.

ಮುಂದಿನ ತಿಂಗಳ ಎರಡನೇ ತಾರೀಖು ಅಂಚೆಯವನು ಒಂದು ದಪ್ಪ ಲಕೋಟೆ ತಂದುಕೊಟ್ಟ. ಮೇಲೆ ಜೈಲಿನ ಮೊಹರು. ಬೋರ್ಡಕ್ಕ ಅದನ್ನು ಒಡೆಯದೆ ಎದೆಗವಚಿಕೊಂಡು, ಅತ್ತೆಯನ್ನು ಕಳಿಸಿ ಎಲ್ಲರನ್ನೂ ಕರೆಸಿದಳು. ಮೇಷ್ಟ್ರು ಚಪ್ಪಲಿ ಅದಲುಬದಲಾಗಿ ಹಾಕಿಕೊಂಡು ಬಂದರು.

ಒಳಗೆ ಐದು ಕಾಗದ. ಜೈಲಿನ ಯಾವುದೋ ಹಳೆ ನಮೂನೆಗಳ ಹಿಂಭಾಗ. ಅಕ್ಷರಗಳು ದಪ್ಪ, ಕಪ್ಪು, ಹೊಳಪು. ಮೂಗಿಗೆ ಬೂಟು ಪಾಲಿಶಿನ ವಾಸನೆ ಹೊಡೆಯಿತು. ಯಾವ ಗುಮಾಸ್ತನ ಪಾಲಿಶು ಡಬ್ಬಿ ಖಾಲಿಯಾಗಿತ್ತೋ ಊಹಿಸುವುದು ಕಷ್ಟವಿರಲಿಲ್ಲ. ಬೋರ್ಡಕ್ಕ ಕಾಗದಗಳನ್ನು ಒಂದೊಂದಾಗಿ ನೆಲದ ಮೇಲೆ ಹಾಸಿದಳು.

‘ನಾನು’

‘ಸಹಿ’

ಮೂರನೆಯದನ್ನು ತಿರುಗಿಸಲು ಅವಳ ಕೈ ಏಳಲಿಲ್ಲ. ಅತ್ತೆ ಬಗ್ಗಿ ತಿರುಗಿಸಿದರು.

‘ಹಾಕಲಿಲ್ಲ.’

ಬೋರ್ಡಕ್ಕ ಮೊದಲು ಕಸುಬಿನವಳ ಕಣ್ಣಿನಲ್ಲಿ ನೋಡಿದಳು. “‘ಹ’ದ ಹೊಟ್ಟೆ ಕುಸಿದಿದೆ. ಗೆರೆ ಮೇಲಕ್ಕೆ ಏರಿಬಿಟ್ಟಿದೆ” ಎಂದಳು. ಆಮೇಲೆ ಬಾಗಿಲ ಬಳಿ ಹೋಗಿ ಗೊಳೋ ಎಂದು ಅತ್ತಳು. ಡಾಕ್ಟರಮ್ಮ ಅತ್ತರು. ಮೇಷ್ಟ್ರು ಕನ್ನಡಕ ಒರೆಸುವುದನ್ನು ನಿಲ್ಲಿಸಲೇ ಇಲ್ಲ. ನಾಲ್ಕನೆಯ, ಐದನೆಯ ಕಾಗದಗಳನ್ನು ಅತ್ತೆಯೇ ಹಾಸಿದರು. ‘ಊಟ’, ‘ಮಾಡಿದೆ.’

“ನೋಡಿದ್ರಾ?” ಎಂದು ಅತ್ತೆ ಎಲ್ಲರನ್ನೂ ಸುತ್ತ ನೋಡಿದರು. “ಇಷ್ಟು ಜನ ಬರೆದ್ರಿ. ಉತ್ತರ ಬರೆದಿದ್ದು ಯಾರಿಗೆ?” ಆಮೇಲೆ ಆರು ತಿಂಗಳ ಕಾಲ ಈ ಮಾತನ್ನು ಬಟಾಣಿ ಸುಲಿಯುವಾಗಲೆಲ್ಲ ಹೇಳಿದರು.

ಕೊನೆಯ ಕಾಗದದ ಬಲಮೂಲೆಯನ್ನು ನಾದಿನಿ ಬೆರಳಿಟ್ಟು ತೋರಿಸಿದಳು. ಅಲ್ಲಿ, ಹತ್ತಿರ ಬಂದವರಿಗೆ ಮಾತ್ರ ಕಾಣುವಷ್ಟು ಚಿಕ್ಕದಾಗಿ, ಹೀಗಿತ್ತು: ‘ನರ್ಸ್, ಕೊಠಡಿ 14. ಫೋನ್: ಸದ್ಯಕ್ಕೆ ಇಲ್ಲ.’

ಬೋರ್ಡಕ್ಕ ಕಣ್ಣೀರಲ್ಲೇ ನಕ್ಕಳು. ಐದು ಕಾಗದಗಳನ್ನೂ ಅಂಗಡಿಯ ಗೋಡೆಗೆ ಅಂಟಿಸಿದಳು. ಬೋರ್ಡು ಬರೆಸಲು ಬಂದವರು ‘ಇದೇನು ಹೊಸ ನಮೂನೆ?’ ಎಂದು ಕೇಳಿದರೆ ಕೂರಿಸಿ ಕಥೆ ಹೇಳುತ್ತಿದ್ದಳು, ಎದ್ದು ಹೋಗುವ ಮುಂಚೆ ಒಂದು ಪತ್ರ ಬರೆಸುತ್ತಿದ್ದಳು. ಕ್ಷೌರದವನು ಬರೆದ, ದರ್ಜಿ ಬರೆದ, ತರಕಾರಿಯವನು ಗಾಡಿ ಬಾಗಿಲಲ್ಲೇ ನಿಲ್ಲಿಸಿ ಬರೆದ. ಸಹಿ ಸಿಗದೆ ಹೋದ್ದರಿಂದ ಮೊಕದ್ದಮೆಗೆ ಕಾಲೇ ಇಲ್ಲದಂತಾಗಿತ್ತು. ನ್ಯಾಯಾಧೀಶರು ಒಂದು ಸಲ ಮುಂದೂಡಿದರು, ಇನ್ನೊಂದು ಸಲ ಮುಂದೂಡಿದರು. ಪತ್ರಗಳು ಮಾತ್ರ ಮುಂದೂಡದೆ ಹೋಗುತ್ತಿದ್ದವು.

ಮೂರು ತಿಂಗಳು ಕಳೆದಿದ್ದವು. ಒಂದು ಬೆಳಗ್ಗೆ ಬೋರ್ಡಕ್ಕ ಏಣಿಯ ಮೇಲೆ ನಿಂತು ಸ್ವಂತ ಅಂಗಡಿಯ ಹಣೆಗೆ ಹೊಸ ಬಣ್ಣ ಬಳಿಯುತ್ತಿದ್ದಳು. ಫೋನ್ ಬಡಿದುಕೊಂಡಿತು. ಅತ್ತೆ ಎತ್ತಿಕೊಂಡು, ತಂತಿ ಸಿಗುವಷ್ಟು ದೂರ ಬಾಗಿಲಿಗೆ ಎಳೆದು ತಂದು ಕೊಟ್ಟರು.

“ಅಕ್ಕ ಆರ್ಟ್ಸಾ?” ಹೆಣ್ಣು ದನಿ. ಪರಿಚಯದ್ದಲ್ಲ.

“ಹೌದು, ಹೇಳಿ. ಬೋರ್ಡಾ, ಗೋಡೆ ಬರಹಾನಾ?”

ಆ ಕಡೆಯವಳು ನಕ್ಕಳು. ನಗು ಅಭ್ಯಾಸ ತಪ್ಪಿದವರು ನಗುವ ಹಾಗೆ, ಮೊದಲು ಸ್ವಲ್ಪ, ಆಮೇಲೆ ಪೂರ್ತಿ. “ಏಣಿ ಮೇಲಿದ್ರೆ ಗಟ್ಟಿಯಾಗಿ ಹಿಡ್ಕೊಳ್ಳಿ ಅಕ್ಕ. ನಾನು ಹೊರಗೆ ಬಂದೆ. ನಿನ್ನೆ ಸಂಜೆ.”

ಬೋರ್ಡಕ್ಕ ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ರಿಜಿಸ್ಟರಲ್ಲಿ ನಲವತ್ತೊಂದೂ ಹಾಗೇ ಇದೆ. ಗುಮಾಸ್ತರಿಗೆ ಕನ್ನಡಕ ಬಂತು, ಗೊತ್ತಾ? ಎರಡು ಮೂಟೇನೂ ಓದಿ ಕೊಟ್ಟರು. ಎಂಟು ಪುಟದೋರು ಇದಾರಲ್ಲ, ಅವರಿಗೆ ಹೇಳಿ, ನನಗೆ ಬಿಡುಗಡೆ ಆಯ್ತು, ಅವರ ಪತ್ರಗಳು ಇನ್ನೂ ಮುಗಿದಿಲ್ಲ.”

“ಹೇಳ್ತೀನಿ,” ಎಂದಳು ಬೋರ್ಡಕ್ಕ.

“ಇನ್ನೊಂದು ವಿಷಯ. ಒಂದು ನಂಬರು ಬರ್ಕೊಳ್ತೀರಾ?”

“ಯಾರದ್ದು?”

“ನನ್ನದೇ ಅಕ್ಕ. ಮೂಲೇಲಿ ಖಾಲಿ ಬಿಟ್ಟಿದ್ನಲ್ಲ? ಈಗ ಇದೆ.”

ಅತ್ತೆ ಕೆಳಗಿನಿಂದ ಪೆನ್ನು ಚಾಚಿದರು. ಬೋರ್ಡಕ್ಕ ಬೇಡವೆಂದು ತಲೆಯಾಡಿಸಿ, ಡಬ್ಬಿಯಿಂದ ಎಲ್ಲಕ್ಕಿಂತ ದಪ್ಪ ಬ್ರಶ್ಶನ್ನು ತೆಗೆದುಕೊಂಡಳು.